ಇಳಿಯುವ ಹೊತ್ತಿಗೇ ಮೆಮೊರಿ ಯಾಕೆ ಮುಗಿಯುತ್ತೆ?

ಫ್ಲೈಟ್ ಸಿಮ್ಯುಲೇಟರ್ ಆಡುವವರ ಹತ್ತಿರ ಕೇಳಿ ನೋಡಿ, ಎಲ್ಲರದ್ದೂ ಒಂದೇ ಗೋಳು. ಟೇಕಾಫ್ ಚೆನ್ನಾಗಾಯ್ತು, ದಾರಿಯುದ್ದಕ್ಕೂ ತೊಂದರೆ ಇರಲಿಲ್ಲ, ಇನ್ನೇನು ರನ್‌ವೇ ಕಾಣಿಸಿತು ಅನ್ನುವಷ್ಟರಲ್ಲಿ ಪರದೆ ನಿಂತುಹೋಯ್ತು. 'ಮೆಮೊರಿ ಸಾಲದು' ಅಂತ ಒಂದು ಸಂದೇಶ, ಆಮೇಲೆ ಡೆಸ್ಕ್‌ಟಾಪ್. ಎರಡು ಗಂಟೆಯ ಹಾರಾಟ ನೀರುಪಾಲು. ಮಾರನೇ ದಿನವೇ ಅಂಗಡಿಗೆ ಹೋಗಿ ಇನ್ನೊಂದು 8 ಜಿಬಿ ರ್‍ಯಾಮ್ ತಂದು ಹಾಕುತ್ತಾರೆ. ಮತ್ತೆ ಅದೇ ಜಾಗದಲ್ಲಿ ಅದೇ ಕಥೆ.

ಈ ಲೇಖನ ಬರೆಯುವುದಕ್ಕೆ ಆ ದುಡ್ಡೇ ಮುಖ್ಯ ಕಾರಣ. 'ಮೆಮೊರಿ' ಅಂತ ನಾವು ಒಂದೇ ಪದ ಬಳಸುತ್ತೇವೆ, ಆದರೆ ಸಿಮ್ಯುಲೇಟರ್ ಬಡಿದುಕೊಳ್ಳುವ ಗೋಡೆಗಳು ಮೂರು: ಅಡ್ರೆಸ್ ಸ್ಪೇಸ್, ರ್‍ಯಾಮ್, ಮತ್ತು ಗ್ರಾಫಿಕ್ಸ್ ಕಾರ್ಡಿನೊಳಗಿನ ವಿರ್‍ಯಾಮ್. ಯಾವ ಗೋಡೆಗೆ ತಲೆ ತಾಗಿದೆ ಅಂತ ತಿಳಿಯದೆ ಸ್ಲೈಡರ್ ಎಳೆದಾಡಿದರೂ ಅಷ್ಟೇ, ದುಡ್ಡು ಸುರಿದರೂ ಅಷ್ಟೇ.

ಹಳೆಯ ಗೋಡೆಯಿಂದ ಶುರು ಮಾಡೋಣ. ಅದು ಇವತ್ತಿಗೂ ಬಹಳ ಜನರ ಮನೆಯಲ್ಲಿದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್, ಅಂದರೆ ಎಫ್‌ಎಸ್‌ಎಕ್ಸ್, ಬಂದದ್ದು 2006ರ ಅಕ್ಟೋಬರಿನಲ್ಲಿ. 2014ರ ಕೊನೆಗೆ ಸ್ಟೀಮ್‌ನಲ್ಲಿ ಮತ್ತೆ ಬಿಡುಗಡೆಯಾಯಿತು. ಹಳೆ ಲ್ಯಾಪ್‌ಟಾಪಿನಲ್ಲೂ ಓಡುತ್ತೆ ಅನ್ನೋ ಕಾರಣಕ್ಕೆ ಹಾಸ್ಟೆಲ್‌ಗಳಲ್ಲಿ ಈಗಲೂ ಜೀವಂತ. (ಅದರ ಮೂಲ ನಕ್ಷೆಯಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಹುಡುಕಬೇಡಿ. ಅದು ಶುರುವಾದದ್ದೇ 2008ರ ಮೇ ತಿಂಗಳಲ್ಲಿ. ಬೇಕಾದರೆ ಆಡ್‌ಆನ್ ಹಾಕ್ಕೋಬೇಕು.)

ಎಫ್‌ಎಸ್‌ಎಕ್ಸ್ 32 ಬಿಟ್ ಪ್ರೋಗ್ರಾಮ್. ಅದರ ಪಾಯಿಂಟರಿನಲ್ಲಿ 32 ಬಿಟ್ ಇವೆ, ಹಾಗಾಗಿ ಅದು ಹೆಸರಿಟ್ಟು ಕರೆಯಬಲ್ಲ ಬೈಟ್‌ಗಳು 2ರ 32ನೇ ಘಾತ, ಅಂದರೆ 429 ಕೋಟಿ ಚಿಲ್ಲರೆ. ಅದೇ ನಮ್ಮ 4 ಜಿಬಿ. 32 ಬಿಟ್ ವಿಂಡೋಸ್‌ನಲ್ಲಾದರೆ ಇದರಲ್ಲೂ ಸಾಮಾನ್ಯವಾಗಿ 2 ಜಿಬಿಯಷ್ಟೇ ಪ್ರೋಗ್ರಾಮಿನ ಪಾಲಿಗೆ; ಉಳಿದದ್ದು ಕರ್ನಲ್‌ಗೆ. 64 ಬಿಟ್ ವಿಂಡೋಸ್‌ನಲ್ಲಿ, 'ಲಾರ್ಜ್ ಅಡ್ರೆಸ್ ಅವೇರ್' ಎಂಬ ಗುರುತು ಹೊತ್ತ 32 ಬಿಟ್ ಪ್ರೋಗ್ರಾಮಿಗೆ ಪೂರ್ತಿ 4 ಜಿಬಿ ಸಿಗುತ್ತದೆ. ಎರಡನೇ ಸರ್ವಿಸ್ ಪ್ಯಾಕ್ ಹಾಕಿದ ಎಫ್‌ಎಸ್‌ಎಕ್ಸ್ ಈ ಗುರುತು ಹೊತ್ತಿದೆ. ಅಲ್ಲಿಗೆ ಮುಗೀತು. ನಿಮ್ಮ ಯಂತ್ರದಲ್ಲಿ 64 ಜಿಬಿ ರ್‍ಯಾಮ್ ಇದ್ದರೂ ಅದಕ್ಕೆ ಒಂದು ಬೈಟ್ ಜಾಸ್ತಿ ಕಾಣುವುದಿಲ್ಲ. ಊರ ಸುತ್ತ ಸೈಟು ಎಷ್ಟು ಖಾಲಿ ಇದ್ದರೇನು, ಪಂಚಾಯ್ತಿ ಪುಸ್ತಕದಲ್ಲಿ ಮನೆ ನಂಬರ್ ಬರೆಯೋಕೆ ನಾಲ್ಕೇ ಅಂಕಿಗೆ ಜಾಗ ಇದ್ದರೆ ಹತ್ತು ಸಾವಿರದ ಮೇಲೆ ಮನೆ ಎದ್ದರೂ ಅದಕ್ಕೆ ವಿಳಾಸ ಇರೋದಿಲ್ಲ.

ಈಗ ಆ 4 ಜಿಬಿ ಹೇಗೆ ಕರಗುತ್ತದೆ ನೋಡಿ. ಒಂದು ಟೆಕ್ಸ್‌ಚರ್ 4096×4096 ಪಿಕ್ಸೆಲ್ ಇದೆ ಎಂದುಕೊಳ್ಳಿ. ಪಿಕ್ಸೆಲ್‌ಗೆ 4 ಬೈಟ್ ಅಂದರೆ 64 ಎಂಬಿ. ಡಿಎಕ್ಸ್‌ಟಿ5 ಮಾದರಿಯಲ್ಲಿ ಕುಗ್ಗಿಸಿದರೆ ಪಿಕ್ಸೆಲ್‌ಗೆ ಒಂದು ಬೈಟ್, 16 ಎಂಬಿ. ದೂರದಿಂದ ನೋಡುವಾಗ ಬೇಕಾಗುವ ಸಣ್ಣ ಪ್ರತಿಗಳು, ಅಂದರೆ ಮಿಪ್‌ಮ್ಯಾಪ್‌ಗಳು, ಇನ್ನೂ ಮೂರನೇ ಒಂದು ಪಾಲು ಸೇರಿಸುತ್ತವೆ (ಕಾಲು, ಅದರ ಕಾಲು, ಅದರ ಕಾಲು... ಜ್ಯಾಮಿತೀಯ ಶ್ರೇಣಿ, ಮೊತ್ತ ಮೂರನೇ ಒಂದು). ಒಟ್ಟು 21.3 ಎಂಬಿ. ಕಾಕ್‌ಪಿಟ್, ರೆಕ್ಕೆ, ಬಾಲ, ಸೀಟು ಎಲ್ಲ ಸೇರಿ ಇಂಥ 20 ಹಾಳೆ ಇರುವ ಆಡ್‌ಆನ್ ವಿಮಾನ ತಂದಿರೆಂದರೆ 427 ಎಂಬಿ. ಇನ್ನೂ ನೆಲ ಬಂದಿಲ್ಲ, ಮೋಡ ಬಂದಿಲ್ಲ, ನಿಲ್ದಾಣ ಬಂದಿಲ್ಲ, ವಿಳಾಸದ ಹತ್ತನೇ ಒಂದು ಭಾಗ ವಿಮಾನಕ್ಕೇ ಹೋಯಿತು. ಅದೇ ಹಾಳೆಗಳನ್ನು 2048ಕ್ಕೆ ಇಳಿಸಿದರೆ 107 ಎಂಬಿ, 1024ಕ್ಕೆ ಇಳಿಸಿದರೆ 27. ಪ್ರತಿ ಮೆಟ್ಟಿಲಿಗೂ ನಾಲ್ಕನೇ ಒಂದು. ಎಫ್‌ಎಸ್‌ಎಕ್ಸ್‌ನ ಸಂರಚನಾ ಕಡತದಲ್ಲಿ 'ಟೆಕ್ಸ್‌ಚರ್ ಮ್ಯಾಕ್ಸ್ ಲೋಡ್' ಎಂಬ ಸಾಲು ಇರೋದು ಇದಕ್ಕೇ. ವಿಡಿಯೋ ನೋಡಿ ಅದನ್ನು 4096 ಮಾಡಿಟ್ಟವರು ಮೊದಲು 2048ಕ್ಕೆ ತನ್ನಿ. ಕಾಕ್‌ಪಿಟ್ಟಿನ ಅಕ್ಷರ ಓದಲಾಗದಷ್ಟು ಮಸುಕಾದರೆ ಮಾತ್ರ ಮೇಲೆ ಹೋಗಿ.

ಇದರಷ್ಟೇ ಮೋಸದ ಇನ್ನೊಂದು ಸಂಖ್ಯೆ 'ಎಲ್‌ಒಡಿ ರೇಡಿಯಸ್', ಅಂದರೆ ನೆಲದ ಸೂಕ್ಷ್ಮ ವಿವರ ನಿಮ್ಮ ಸುತ್ತ ಎಷ್ಟು ದೂರದವರೆಗೆ ಇರಬೇಕು ಎಂಬುದು. ಮೆನುವಿನಲ್ಲಿ ಸಿಗುವ ಗರಿಷ್ಠ 4.5. ಕಡತ ತೆರೆದು 6.5 ಬರೆಯುವುದು ಹಳಬರ ಚಾಳಿ. ನೋಡೋಕೆ ಒಂದೂವರೆ ಪಟ್ಟಿಗಿಂತ ಕಮ್ಮಿ. ಆದರೆ ಇದು ತ್ರಿಜ್ಯ ಸ್ವಾಮಿ! ವಿಸ್ತೀರ್ಣ ತ್ರಿಜ್ಯದ ವರ್ಗದಂತೆ ಬೆಳೆಯುತ್ತದೆ: 6.5ನ್ನು 4.5ರಿಂದ ಭಾಗಿಸಿ ವರ್ಗ ಮಾಡಿದರೆ 2.09. ನೆಲದ ಡೇಟಾ ಎರಡು ಪಟ್ಟು ದಾಟಿತು. ಎಂಟನೇ ಕ್ಲಾಸಿನ ಸೂತ್ರ ವಿಮಾನ ಬೀಳಿಸುವ ಪರಿ ಇದು.

ಸರಿ, ಇಳಿಯುವಾಗಲೇ ಯಾಕೆ? ಬೆಂಗಳೂರಿನಿಂದ ಮಂಗಳೂರಿಗೆ ಹೊರಟಿದ್ದೀರಿ ಅನ್ನಿ, ಆಕಾಶದಲ್ಲಿ ಸುಮಾರು 300 ಕಿ.ಮೀ. ಬೆಂಗಳೂರಿನ ಕಟ್ಟಡ ಲೋಡ್ ಆಯಿತು, ಆಮೇಲೆ ಘಟ್ಟದ ಕಾಡಿನ ಮರಗಳು, ಮಳೆಗಾಲ ಇಟ್ಟಿದ್ದರೆ ಮೋಡದ ಪದರಗಳು. ಹಿಂದೆ ಬಿಟ್ಟದ್ದೆಲ್ಲ ಆ ಕ್ಷಣಕ್ಕೇ ಖಾಲಿಯಾಗುವುದಿಲ್ಲ. ಖಾಲಿಯಾದದ್ದೂ ಒಂದೇ ಕಡೆ ಸೇರಿ ಇರುವುದಿಲ್ಲ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಇವೆ, ಆದರೆ ಅಲ್ಲೊಂದು ಇಲ್ಲೊಂದು. ಮೂರು ಜನ ಒಟ್ಟಿಗೇ ಕೂರಬೇಕು ಎಂದು ಹತ್ತಿದ ಕುಟುಂಬಕ್ಕೆ ಬಸ್ಸು ಭರ್ತಿ. ಆಪರೇಟಿಂಗ್ ಸಿಸ್ಟಮ್ಸ್ ಪೇಪರಿನಲ್ಲಿ ಐದು ಮಾರ್ಕಿಗೆ ಬರೆದ ಫ್ರಾಗ್ಮೆಂಟೇಶನ್ ಇದೇ. ಪೇಜಿಂಗ್ ಇದ್ದರೆ ಈ ತೊಂದರೆ ಇಲ್ಲ ಅಂತ ಬರೆದಿದ್ದೆವಲ್ಲ ಅಂದರೆ, ಅದು ಭೌತಿಕ ಮೆಮೊರಿಯ ಮಾತು. ಚೂರುಚೂರಾಗಿರುವ ರ್‍ಯಾಮ್ ಪುಟಗಳನ್ನು ಪೇಜ್ ಟೇಬಲ್ ಒಂದೇ ಸಾಲಿನಂತೆ ತೋರಿಸಬಲ್ಲದು. ವರ್ಚುವಲ್ ವಿಳಾಸದ ಸಾಲೇ ತುಂಡಾಗಿದ್ದರೆ ಅದನ್ನು ಜೋಡಿಸುವವರು ಯಾರೂ ಇಲ್ಲ. ಹಾಗಾಗಿ 200 ಎಂಬಿ ಉಳಿದಿದ್ದಾಗಲೂ ದೊಡ್ಡದೊಂದು ತುಂಡು ಕೇಳಿದರೆ ಇಲ್ಲ ಅನ್ನಿಸಿಕೊಳ್ಳಬಹುದು. ಆ ದೊಡ್ಡ ತುಂಡು ಕೇಳುವುದು ಯಾವಾಗ? ವಿವರವಾಗಿ ಕಟ್ಟಿದ ನಿಲ್ದಾಣ ಎದುರಿಗೆ ಬಂದಾಗ.

ಟಾಸ್ಕ್ ಮ್ಯಾನೇಜರ್ ಇಲ್ಲಿ ದಾರಿ ತಪ್ಪಿಸುತ್ತದೆ. ಅದು ತೋರಿಸುವ ಮೆಮೊರಿ ಕಾಲಮ್ ರ್‍ಯಾಮ್‌ನಲ್ಲಿ ಕೂತಿರುವ ಭಾಗ ಮಾತ್ರ. ಅದರಲ್ಲಿ 2 ಜಿಬಿ ಕಂಡಾಗಲೂ ವಿಳಾಸ 3.8 ಜಿಬಿ ತುಂಬಿರಬಹುದು. ಮೈಕ್ರೋಸಾಫ್ಟ್‌ನವರೇ ಉಚಿತವಾಗಿ ಕೊಡುವ ಪ್ರೋಸೆಸ್ ಎಕ್ಸ್‌ಪ್ಲೋರರ್ ಇಳಿಸಿಕೊಂಡು 'ವರ್ಚುವಲ್ ಸೈಜ್' ಕಾಲಮ್ ಹಾಕಿಕೊಳ್ಳಿ. ವಿಎಂಮ್ಯಾಪ್ ಅನ್ನೋದೂ ಅಲ್ಲೇ ಸಿಗುತ್ತೆ, ಅದು ತುಂಡುಗಳ ಚಿತ್ರವನ್ನೇ ಬಿಡಿಸಿ ತೋರಿಸುತ್ತದೆ. ಹೊರಡುವ ಮುಂಚೆ, ನಿಂತಲ್ಲೇ 3 ಜಿಬಿ ದಾಟಿದ್ದರೆ ದೊಡ್ಡ ನಿಲ್ದಾಣದಲ್ಲಿ ಇಳಿಯುವ ಆಸೆ ಇಟ್ಟುಕೊಳ್ಳಬೇಡಿ ಅನ್ನುವುದು ನನ್ನ ಅಂದಾಜು. ಹೋಗದ ಊರುಗಳ ಸೀನರಿಯನ್ನು ಲೈಬ್ರರಿಯಲ್ಲಿ ಟಿಕ್ ತೆಗೆದು ಇಟ್ಟರೆ ಒಂದಿಷ್ಟು ಜಾಗ ಉಳಿಯುತ್ತದೆ.

64 ಬಿಟ್ ಬಂದ ಮೇಲೆ ಈ ಗೋಡೆ ಬಿತ್ತು. ಎಕ್ಸ್‌ಪ್ಲೇನ್ 10ಕ್ಕೆ 2013ರಲ್ಲಿ, ಲಾಕ್‌ಹೀಡ್ ಮಾರ್ಟಿನ್‌ನ ಪ್ರಿಪೇರ್‌ಡ್‌ಗೆ ಅದರ ನಾಲ್ಕನೇ ಆವೃತ್ತಿಯಲ್ಲಿ 2017ರಲ್ಲಿ ಬಂತು. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಹುಟ್ಟಿದ್ದೇ ಹಾಗೆ. ಉಚಿತವಾಗಿ ಸಿಗುವ, ಸೋರ್ಸ್ ಕೋಡ್ ಓದಲು ಸಿಗುವ ಫ್ಲೈಟ್‌ಗೇರ್ ಕೂಡ ಈಗ 64 ಬಿಟ್. ಇವುಗಳಲ್ಲಿ ವಿಳಾಸ ಮುಗಿಯುವುದಿಲ್ಲ. ಮುಗಿಯುವುದು ನಿಜವಾದ ಸಾಮಾನು.

2020ರ ಸಿಮ್ಯುಲೇಟರ್‌ಗೆ ಕಂಪನಿಯೇ ಹೇಳಿದ ಕನಿಷ್ಠ ಅಗತ್ಯ 8 ಜಿಬಿ ರ್‍ಯಾಮ್, 2 ಜಿಬಿ ವಿರ್‍ಯಾಮ್. ಶಿಫಾರಸು 16 ಮತ್ತು 4. 'ಐಡಿಯಲ್' ಅಂದರೆ 32 ಮತ್ತು 8. ನಮ್ಮಲ್ಲಿ ಹೆಚ್ಚಿನವರ ಲ್ಯಾಪ್‌ಟಾಪ್ ಕನಿಷ್ಠ ಮತ್ತು ಶಿಫಾರಸಿನ ನಡುವೆ ಎಲ್ಲೋ ಒದ್ದಾಡುತ್ತಿರುತ್ತದೆ. ಇಲ್ಲಿ ಲಕ್ಷಣ ನೋಡಿ ರೋಗ ಹಿಡಿಯಬಹುದು. ಹಳೆಯದರಲ್ಲಿ ಕುಸಿತ, ಇದರಲ್ಲಿ ಸಾಮಾನ್ಯವಾಗಿ ಮೊದಲು ತಡವರಿಕೆ.

ವಿರ್‍ಯಾಮ್ ತುಂಬಿದರೆ ಏನಾಗುತ್ತದೆ? ಡ್ರೈವರ್ ಹೆಚ್ಚುವರಿಯನ್ನು ಸಿಸ್ಟಮ್ ರ್‍ಯಾಮ್‌ಗೆ ತಳ್ಳುತ್ತದೆ, ಬೇಕಾದಾಗ ಪಿಸಿಐಇ ಮೂಲಕ ತರಿಸಿಕೊಳ್ಳುತ್ತದೆ. ಜಿಟಿಎಕ್ಸ್ 1650ರ ಜಿಡಿಡಿಆರ್5 ಮಾದರಿಯಲ್ಲಿ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 128 ಜಿಬಿ. ಪಿಸಿಐಇ 3.0, 16 ಲೇನ್ ಪೂರ್ತಿ ಇದ್ದರೂ ಸುಮಾರು 16 ಜಿಬಿ. ಎಂಟು ಪಟ್ಟು ಕಿರಿದಾದ ಓಣಿ. ನೀವು 30 ಫ್ರೇಮ್ ಬಯಸಿದರೆ ಒಂದು ಫ್ರೇಮಿಗೆ 33 ಮಿಲಿಸೆಕೆಂಡ್. ಅಷ್ಟರಲ್ಲಿ ಆ ಓಣಿಯಲ್ಲಿ ಬರಬಹುದಾದದ್ದು ಹೆಚ್ಚೆಂದರೆ ಅರ್ಧ ಜಿಬಿ, ಅದೂ ಕಾಗದದ ಮೇಲೆ. ಪ್ರತಿ ಫ್ರೇಮಿಗೂ ಬೇಕಾಗುವ ಒಂದು ಜಿಬಿ ಹೊರಗೆ ಉಳಿದರೆ 30 ಹೋಗಿ 15. 'ಒಂದು ಸ್ಲೈಡರ್ ಒಂದೇ ಮೆಟ್ಟಿಲು ಏರಿಸಿದೆ, ಅರ್ಧಕ್ಕರ್ಧ ಬಿದ್ದೋಯ್ತು' ಅನ್ನುವವರ ಸಮಸ್ಯೆ ಬಹುತೇಕ ಇದೇ. ಮಿತಿಯೊಳಗೆ ಇರುವವರೆಗೆ ಟೆಕ್ಸ್‌ಚರ್ ಗುಣಮಟ್ಟ ಹೆಚ್ಚಿಸಿದರೂ ಫ್ರೇಮ್ ದರ ಹೆಚ್ಚು ಕುಸಿಯುವುದಿಲ್ಲ, ದಾಟಿದೊಡನೆ ಪ್ರಪಾತ. ಎಕ್ಸ್‌ಪ್ಲೇನ್ 2020ರಲ್ಲಿ ವಲ್ಕನ್‌ಗೆ ಬಂದ ಮೇಲೆ ಈ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಜಾಗ ಸಾಲದಿದ್ದರೆ ಟೆಕ್ಸ್‌ಚರ್‌ನ ಸಣ್ಣ ಪ್ರತಿ ಬಳಸುತ್ತದೆ. ಆಗ ತಡವರಿಕೆಗಿಂತ ಮಸುಕು ಜಾಸ್ತಿ ಕಾಣುತ್ತದೆ. ರೋಗ ಒಂದೇ, ಲಕ್ಷಣ ಬೇರೆ. ಅಂದಹಾಗೆ, ಹಿಂದೆ ತೆರೆದಿಟ್ಟ ಕ್ರೋಮ್ ಕೂಡ ವಿರ್‍ಯಾಮ್ ತಿನ್ನುತ್ತದೆ. 4 ಜಿಬಿ ಕಾರ್ಡಿನಲ್ಲಿ ಅದು ಸಣ್ಣ ಮೊತ್ತವಲ್ಲ.

ರ್‍ಯಾಮ್ ಸಾಲದಿದ್ದರೆ ಪೇಜ್‌ಫೈಲ್ ಕೆಲಸಕ್ಕಿಳಿಯುತ್ತದೆ. ಡಿಡಿಆರ್4-2666ರ ಒಂದು ಸ್ಟಿಕ್ ಸೆಕೆಂಡಿಗೆ 21 ಜಿಬಿ ಕೊಡುತ್ತದೆ, ಸಾಟಾ ಎಸ್‌ಎಸ್‌ಡಿ ಅರ್ಧ ಜಿಬಿ ಚಿಲ್ಲರೆ. ಸುಮಾರು 40 ಪಟ್ಟು ವ್ಯತ್ಯಾಸ. ವಿಮಾನ ತಿರುಗಿಸಿದಾಗ, ಹೊರಗಿನ ಕ್ಯಾಮೆರಾಕ್ಕೆ ಹೋದಾಗ ಅರ್ಧ ಸೆಕೆಂಡ್ ಹೆಪ್ಪುಗಟ್ಟಿದಂತಾದರೆ, ಆಗಲೇ ಡಿಸ್ಕ್ ಗ್ರಾಫ್ ಏರಿದರೆ, ಅನುಮಾನ ಇದರ ಮೇಲೆ ಇರಲಿ. ಇಲ್ಲಿ ಮಾತ್ರ ರ್‍ಯಾಮ್ ಕೊಂಡದ್ದಕ್ಕೆ ಬೆಲೆ ಬರುತ್ತದೆ. 'ಪೇಜ್‌ಫೈಲ್ ಆಫ್ ಮಾಡಿದರೆ ಸ್ಪೀಡ್ ಆಗುತ್ತೆ' ಎಂಬ ಸಲಹೆ ಮಾತ್ರ ಕೇಳಬೇಡಿ. ವಿಂಡೋಸ್ ಕೊಡುವ ಮೆಮೊರಿ ಭರವಸೆಯ ಮಿತಿ ರ್‍ಯಾಮ್ ಮತ್ತು ಪೇಜ್‌ಫೈಲ್ ಎರಡರ ಮೊತ್ತ. ಒಂದನ್ನು ಕಿತ್ತರೆ 64 ಬಿಟ್ ಸಿಮ್ಯುಲೇಟರ್ ಕೂಡ ಹಳೆಯ ಎಫ್‌ಎಸ್‌ಎಕ್ಸ್ ಹಾಗೆ ಧಡಕ್ಕನೆ ಬೀಳಬಹುದು. ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲದ ಲ್ಯಾಪ್‌ಟಾಪ್ ಇದ್ದರೆ ಇನ್ನೊಂದು ಮಾತು: ಅದರ ಚಿತ್ರವೂ ರ್‍ಯಾಮ್‌ನಿಂದಲೇ ಓಡುತ್ತದೆ, ಹಾಗಾಗಿ 8ರ ಒಂದೇ ಸ್ಟಿಕ್‌ಗಿಂತ 4ರ ಎರಡು ಸ್ಟಿಕ್ ವೇಗವಾಗಿ ಕೆಲಸ ಮಾಡುತ್ತವೆ, ಎರಡು ಚಾನೆಲ್ ಸಿಗುವುದರಿಂದ.

ಇನ್ನು ಸ್ಲೈಡರ್‌ಗಳು. ಒಂದೊಂದೂ ಬೇರೆ ಬೇರೆಯವರ ಜೇಬಿಗೆ ಕೈ ಹಾಕುತ್ತದೆ. ಟೆಕ್ಸ್‌ಚರ್ ರೆಸಲ್ಯೂಶನ್ ವಿರ್‍ಯಾಮ್‌ನ ಜೇಬಿಗೆ. ಮೋಡ, ನೆರಳು, ರೆಂಡರ್ ಸ್ಕೇಲ್ ಮುಖ್ಯವಾಗಿ ಜಿಪಿಯು ಸಮಯಕ್ಕೆ. ಟೆರೇನ್ ಎಲ್‌ಒಡಿ ಸಿಪಿಯು ಮತ್ತು ರ್‍ಯಾಮ್‌ಗೆ, ಇಲ್ಲೂ ತ್ರಿಜ್ಯದ ವರ್ಗವೇ. ಬೇರೆ ವಿಮಾನಗಳ ಓಡಾಟ ಬಹುಪಾಲು ಸಿಪಿಯುಗೆ. ಆದ್ದರಿಂದ ಎಲ್ಲವನ್ನೂ 'ಮೀಡಿಯಂ' ಮಾಡುವುದು ಸೋಮಾರಿಗಳ ದಾರಿ ಅಂತ ನನ್ನ ಅಭಿಪ್ರಾಯ. ಮೋಡ ಕಡಿಮೆ ಮಾಡಿದರೆ ಸಿಪಿಯುಗೆ ಉಸಿರು ಬರುವುದಿಲ್ಲ, ಚಂದ ಮಾತ್ರ ಹಾಳು. ಮೈಕ್ರೋಸಾಫ್ಟ್ 2020ರಲ್ಲಿ ಡೆವಲಪರ್ ಮೋಡ್ ಹಾಕಿ ಎಫ್‌ಪಿಎಸ್ ಪಟ್ಟಿ ತೆರೆಯಿರಿ. ತಡೆಯುತ್ತಿರುವುದು ಮುಖ್ಯ ಥ್ರೆಡ್ಡೋ ಜಿಪಿಯುವೋ ಅಂತ ಅದೇ ಬರೆದು ತೋರಿಸುತ್ತದೆ, ಗ್ರಾಫಿಕ್ಸ್ ಮೆಮೊರಿ ಬಳಕೆಯೂ ಇರುತ್ತದೆ. ಮುಖ್ಯ ಥ್ರೆಡ್ ಅಂದರೆ ಎಲ್‌ಒಡಿ ಮತ್ತು ಟ್ರಾಫಿಕ್ ಇಳಿಸಿ. ಜಿಪಿಯು ಅಂದರೆ ಮೊದಲು ಮೋಡ, ಆಮೇಲೆ ರೆಂಡರ್ ಸ್ಕೇಲ್.

ಪರೀಕ್ಷೆ ಮಾಡುವಾಗ ಲ್ಯಾಬ್ ಶಿಸ್ತು ಬೇಕು. ಅದೇ ವಿಮಾನ, ಅದೇ ನಿಲ್ದಾಣ, ಅದೇ ಗಂಟೆ, ಕೈಯಾರೆ ಇಟ್ಟ ಅದೇ ಹವಾಮಾನ. ಲೈವ್ ವೆದರ್ ಇಟ್ಟರೆ ನಿನ್ನೆಯ ಅಂಕಿಗೂ ಇವತ್ತಿನದಕ್ಕೂ ಹೋಲಿಕೆ ಇಲ್ಲ. ಒಂದು ಸಲಕ್ಕೆ ಒಂದೇ ಸ್ಲೈಡರ್. ಖಾಲಿ ಬಯಲಿನ ಮೇಲೆ ಅಳೆಯಬೇಡಿ. ಮಳೆ ಮೋಡ, ದೊಡ್ಡ ನಿಲ್ದಾಣ, ರನ್‌ವೇಗೆ ಐದಾರು ಕಿ.ಮೀ. ದೂರ: ಆ ಜಾಗವನ್ನೇ ಸೇವ್ ಮಾಡಿಟ್ಟು ಅಲ್ಲಿಂದಲೇ ಅಳೆಯಿರಿ. ಆದರೆ ನೇರ ಅಲ್ಲಿಂದ ಶುರುವಾದ ಅಳತೆಯಲ್ಲಿ ದಾರಿಯಲ್ಲಿ ಸೇರಿಕೊಂಡ ಕಸ ಲೆಕ್ಕಕ್ಕೆ ಬರುವುದಿಲ್ಲ, ಹಾಗಾಗಿ ಕೊನೆಗೊಮ್ಮೆ ಪೂರ್ತಿ ಹಾರಾಟ ಮಾಡಿಯೇ ತೀರಬೇಕು. 4 ಜಿಬಿ ಕಾರ್ಡಿನಲ್ಲಿ ಅಲ್ಲಿ 3.5 ಒಳಗೆ ನಿಂತರೆ ಸಾಕು ಅಂದುಕೊಳ್ಳುತ್ತೇನೆ ನಾನು. ಎಫ್‌ಎಸ್‌ಎಕ್ಸ್‌ನವರು ಕೆಳಗಿಳಿಯಲು ಶುರು ಮಾಡುವ ಮೊದಲು ಸೆಮಿಕೋಲನ್ ಕೀ ಒತ್ತಿ ಹಾರಾಟ ಸೇವ್ ಮಾಡಿಕೊಳ್ಳಿ. ಬಿದ್ದರೂ ಪ್ರೋಗ್ರಾಮ್ ಹೊಸದಾಗಿ ತೆರೆದಾಗ ವಿಳಾಸದ ಪುಸ್ತಕ ಖಾಲಿ ಇರುತ್ತದೆ, ಘಟ್ಟದ ಈಚೆಯಿಂದಲೇ ಮುಂದುವರಿಸಬಹುದು.