ನುಗ್ಗೆಮರದ ಒಣ ಕೊಂಬೆ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಮೊದಲು ಹೊರಬೀಳುವುದು ಜೇಡರ ಬಲೆ ತೆಗೆಯುವ ಉದ್ದನೆಯ ಕೋಲು. ಮೂರು ವರ್ಷದ ಹಿಂದೆ ಅದರ ಜೊತೆಗೆ ಮಚ್ಚೂ ಬಂತು. ಹಿತ್ತಲಿನ ನುಗ್ಗೆಮರದಲ್ಲಿ ಒಂದು ಕೊಂಬೆ ಒಣಗಿ ನಿಂತಿತ್ತು. ಬೇಲಿ ಸವರಲು ಬಂದಾತ, "ಇದನ್ನೂ ಇಳಿಸಿಬಿಡ್ಲಾ ಸಾರ್?" ಅಂದ. ಇಳಿಸಪ್ಪ ಅಂದೆ. ಬಿದ್ದ ಕೊಂಬೆಯ ಅಡಿಮೈಯಲ್ಲಿ ಕೈವಾರ ಇಟ್ಟು ಬರೆದಷ್ಟು ದುಂಡಗಿನ ತೂತು. ಹುಳು ಕೊರೆದಿದೆ ಎಂದುಕೊಂಡು ಸೌದೆಗೆ ಎಸೆದೆ.

ಅದೇ ತಿಂಗಳು ಸಕ್ಕರೆ ಕಾಯಿಲೆಯ ದೆಸೆಯಿಂದ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ನಡೆಯಲು ಶುರುಮಾಡಿದ್ದೆ. ಕುವೆಂಪು ಅಡ್ಡಾಡಿದ ಕೆರೆ ಅದು. ನಾನು ಮಾತ್ರ ನೆಲ ನೋಡಿಕೊಂಡು, ಹೆಜ್ಜೆ ಎಣಿಸಿಕೊಂಡು ಹೋಗುತ್ತಿದ್ದೆ. ಒಂದು ಬೆಳಿಗ್ಗೆ ದುರ್ಬೀನು ತೂಗುಹಾಕಿಕೊಂಡಿದ್ದ ಹಿರಿಯರೊಬ್ಬರು ದಾರಿಯಲ್ಲಿ ನಿಂತುಬಿಟ್ಟಿದ್ದರು. ತಾಮ್ರದ ಹಂಡೆಗೆ ಯಾರೋ ಸುತ್ತಿಗೆಯಿಂದ ಬಡಿಯುವ ಹಾಗೆ ಟಂಕ್, ಟಂಕ್, ಟಂಕ್ ಎಂದು ಒಂದೇ ಸಮನೆ ಸದ್ದು. "ಕಂಚುಗಾರ ಹಕ್ಕಿ. ಕೊಕ್ಕು ಮುಚ್ಕೊಂಡೇ ಕೂಗುತ್ತೆ, ಗಂಟಲು ನೋಡಿ" ಅಂದರು. ಗುಬ್ಬಚ್ಚಿಗಿಂತ ತುಸು ದೊಡ್ಡದು, ಹಸಿರು ಮೈ, ಹಣೆಗೆ ಕುಂಕುಮ ಇಟ್ಟಂತೆ ಕೆಂಪು. ಕೂಗುತ್ತಲೇ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ.

ಆಮೇಲೆ ಅದರ ಜೋಡಿ ಗೂಡು ಕೊರೆಯುವುದನ್ನು ತೋರಿಸಿದರು. ಒಣಗಿದ ಕೊಂಬೆ, ಮಳೆನೀರು ಒಳಗಿಳಿಯದಂತೆ ತೂತು ಅಡಿಮೈಯಲ್ಲಿ. ನನಗೆ ಸೌದೆಯ ರಾಶಿ ನೆನಪಾಯಿತು. ಅವರಿಗೆ ಹೇಳಲಿಲ್ಲ.

ಮರುವಾರವೇ ಉತ್ಸಾಹದಲ್ಲಿ ದುರ್ಬೀನು ತಂದೆ. ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದೇ ಆಸೆ. ಕೈ ಸ್ವಲ್ಪ ನಡುಗಿದರೂ ಹೆಜ್ಜಾರ್ಲೆಯಂಥ ದೊಡ್ಡ ಹಕ್ಕಿಯೂ ಕುಣಿಯುತ್ತಿತ್ತು. ಎಂಟು ಪಟ್ಟು ತೋರಿಸುವ 8 x 42 ಸಾಕು ಎಂದು ಹಿರಿಯರು ಆಮೇಲೆ ಹೇಳಿದರು. ದುಡ್ಡು ಹೋಗಿತ್ತು. ದುರ್ಬೀನಿಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅಲಾರಂ: ಬೇಸಿಗೆಯಲ್ಲಿ ಆರು ಗಂಟೆಗೆ ಏರಿ ಮೇಲಿದ್ದರೆ ಮಡಿವಾಳ ಹಕ್ಕಿಯ ಸಂಗೀತ ಸಿಗುತ್ತದೆ, ಒಂಬತ್ತಕ್ಕೆ ಹೋದರೆ ಬಿಸಿಲು.

ಇನ್ನು ಮನೆಗೇ ಹಕ್ಕಿಗಳನ್ನು ಕರೆಸೋಣ ಎಂದು ಹೊರಟೆ. ತಾರಸಿಯಲ್ಲಿ ಅಕ್ಕಿ ಚೆಲ್ಲಿದೆ. ಬಂದದ್ದು ಪಾರಿವಾಳಗಳ ದಂಡು, ಅವುಗಳ ಹಿಕ್ಕೆ, ಅದನ್ನು ತೊಳೆದ ಹೆಂಡತಿಯ ಬೈಗುಳ. ನೀರಿಗೆಂದು ಬಕೆಟ್ ಇಟ್ಟೆ. ಅಳಿಲಿನ ಮರಿಯೊಂದು ಅದರಲ್ಲಿ ಬಿದ್ದು ಸತ್ತಿತು. ಈಗ ಎರಡು ಬೆರಳು ಆಳದ ಮಣ್ಣಿನ ತಟ್ಟೆ, ನಡುವೆ ಕಾಲೂರಲು ಒಂದು ಕಲ್ಲು. ಸೊಳ್ಳೆಯಾಗಬಾರದೆಂದು ದಿನಾ ನೀರು ಚೆಲ್ಲಿ ಹೊಸದು ಹಾಕುತ್ತೇನೆ. ಮೊದಲು ಬಂದದ್ದು ಪಿಕಳಾರ.

ತಪ್ಪು ಎಲ್ಲಿತ್ತೆಂದು ಹೊಳೆದದ್ದು ನಿಂಬೆಗಿಡದ ಹತ್ತಿರ. ಎಲೆಗಳ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವ ಹುಳುಗಳಿದ್ದವು; ಔಷಧಿ ಹೊಡೆಯಲು ಹೋಗಿದ್ದೆ. ಅವು ಚಿಟ್ಟೆಯ ಮರಿಗಳು. ಅಷ್ಟರಲ್ಲಿ ಸಿಂಪಿಗ ಹಕ್ಕಿಯೊಂದು ಬಂದು ಒಂದನ್ನು ಕಚ್ಚಿಕೊಂಡು ಹೋಯಿತು. ಕಾಳು ತಿನ್ನುವ ಗುಬ್ಬಚ್ಚಿಯೂ ಮರಿಗಳಿಗೆ ಉಣಿಸುವುದು ಹುಳುವನ್ನೇ. ನಾನು ಅಕ್ಕಿ ಚೆಲ್ಲಿ, ಹುಳು ಕೊಂದು, ಹಕ್ಕಿ ಬರಲಿಲ್ಲ ಎಂದು ಕೊರಗುತ್ತಿದ್ದೆ!

ಜೇಡರ ಬಲೆಯದೂ ಅದೇ ಕಥೆ. ಸಿಂಪಿಗ ಎಲೆಗಳನ್ನು ಹೊಲಿಯುವ ದಾರದಲ್ಲಿ ಜೇಡರ ನೂಲೂ ಇರುತ್ತದೆ; ಸೂರಕ್ಕಿ ತನ್ನ ಜೋತಾಡುವ ಗೂಡನ್ನು ಅದರಿಂದಲೇ ಬಿಗಿಯುತ್ತದೆ. ನಮ್ಮ ಕೋಲಿನ ತುದಿಯಲ್ಲಿ ಸುತ್ತಿಕೊಂಡು ಕಸದ ಗಾಡಿಗೆ ಹೋಗುತ್ತಿದ್ದದ್ದು ಅವುಗಳ ಮನೆ ಕಟ್ಟುವ ಸಾಮಾನು. ಮನೆಯೊಳಗೆ ಕೋಲು ಆಡಲಿ, ಹೊರಗೆ ಬೇಡ ಎಂದು ಒಪ್ಪಂದವಾಗಿದೆ. ಹೆಂಡತಿ ಪೂರ್ತಿ ಒಪ್ಪಿಲ್ಲ. ಗೇಟಿನ ಬಲೆ ಪ್ರತಿ ಶುಕ್ರವಾರ ಮಾಯವಾಗುತ್ತದೆ.

ಉದುರಿದ ಎಲೆಗೆ ಬೆಂಕಿ ಹಾಕುವುದನ್ನೂ ಬಿಟ್ಟೆವು. ಕಾಂಪೌಂಡಿನ ಮೂಲೆಗೆ ತಳ್ಳಿದ ರಾಶಿಯನ್ನು ಹರಟೆಮಲ್ಲಗಳ ಗುಂಪು ದಿನಾ ಕೆದಕಿ ಜಗಳವಾಡುತ್ತದೆ. ಕರಿಬೇವು, ದಾಸವಾಳ, ಕೇಪಳ ಮೊದಲೇ ಇದ್ದವು. ಹೊಸದಾಗಿ ನೆಟ್ಟದ್ದು ಒಂದು ಗಸಗಸೆ ಹಣ್ಣಿನ ಮರ. ಬೇಗ ಬೆಳೆಯಿತು, ಹಣ್ಣಿಗೆ ಪಿಕಳಾರ ಹಗಲು, ಬಾವಲಿ ರಾತ್ರಿ. ಕೆಳಗೆ ಕಾರು ನಿಲ್ಲಿಸುವವರು ಅದನ್ನು ನೆಡದಿರುವುದು ಒಳ್ಳೆಯದು. ಎಕ್ಕದ ಗಿಡ ತಾನಾಗಿ ಹುಟ್ಟಿತು, ಕೀಳಲಿಲ್ಲ ಅಷ್ಟೆ.

ಬೇಲಿ ಸವರುವಾತ ಈ ವರ್ಷವೂ ಮಾರ್ಚ್‌ನಲ್ಲಿ ಬಂದ. ಇದು ಗೂಡು ಕಟ್ಟುವ ಕಾಲ, ನವೆಂಬರ್‌ಗೆ ಬಾರಪ್ಪ ಎಂದು ಕಳಿಸಿದೆ. ಬೇಸಿಗೆಯಲ್ಲಿ ಗಿಡ ಕತ್ತರಿಸಲೇಬೇಕಾದವರು ಒಂದು ಹದಿನೈದು ನಿಮಿಷ ದೂರ ಕೂತು ನೋಡಿ. ಬಾಯಲ್ಲಿ ಹುಳು ಹಿಡಿದ ಹಕ್ಕಿ ಒಂದೇ ಕಡೆಗೆ ಮತ್ತೆ ಮತ್ತೆ ನುಗ್ಗುತ್ತಿದ್ದರೆ ಕತ್ತರಿ ಒಳಗಿಡಿ.

ನುಗ್ಗೆಮರದಲ್ಲಿ ಇನ್ನೊಂದು ಕೊಂಬೆ ಒಣಗಿದೆ. ಮನೆ ಕಡೆಗೆ ವಾಲಿಲ್ಲ, ಹಾಗೇ ಬಿಟ್ಟಿದ್ದೇವೆ. ಇದು ಎರಡನೇ ಬೇಸಿಗೆ. ಇನ್ನೂ ತೂತು ಬಿದ್ದಿಲ್ಲ.