ಗೋಡೆಯಿಲ್ಲದ ಮನೆಯ ಮುಂದೆ

ಒಂದನೇ ತರಗತಿಯಲ್ಲಿ ತಿದ್ದಿದ ಮೇಲೆ ಙ ಅಕ್ಷರವನ್ನು ಮತ್ತೆ ಬರೆದ ನೆನಪು ನನಗಿಲ್ಲ. ಸಮೋವಾದಲ್ಲಿ ಅದು ಕೆಲಸಕ್ಕೆ ಬಂತು. ನಕ್ಷೆಯಲ್ಲಿ ಫಗಲೋವಾ ಎಂದು ಓದಿಕೊಂಡು ಹೋದದ್ದು ಅಲ್ಲಿನವರ ಬಾಯಲ್ಲಿ ಫಙಲೋವಾ. ಫಙ ಎಂದರೆ ಕೊಲ್ಲಿ, ಲೋವಾ ಎಂದರೆ ಉದ್ದ.

ಮಗ ಇರುವುದು ಆಕ್ಲೆಂಡಿನಲ್ಲಿ. ಅವನ ಜೊತೆ ಕೆಲಸ ಮಾಡುವ ಸಮೋವಾದ ಹುಡುಗನೊಬ್ಬನ ದೊಡ್ಡಮ್ಮನ ಮನೆ ಈ ಕೊಲ್ಲಿಯ ಆಚೆಯ ಉವಾಫಾತೊದಲ್ಲಿದೆ. ಎರಡು ರಾತ್ರಿ ಇದ್ದು ಬನ್ನಿ ಎಂದು ಅವನೇ ಒತ್ತಾಯಿಸಿದ. ಅಪಿಯಾದಿಂದ ಪೂರ್ವಕ್ಕೆ ಹೊರಟು ಲೆ ಮಾಫಾ ಘಟ್ಟದ ಕಡೆಯಿಂದ ಕೊಲ್ಲಿಗೆ ಇಳಿಯಬೇಕು. ಉಪೋಲು ದ್ವೀಪದ ಅತಿ ಹಳೆಯ ಜ್ವಾಲಾಮುಖಿ ಬಂಡೆಗಳು ಇಲ್ಲಿಯವು. ಮಳೆ ಕೊರೆದು ಕೊರೆದು ಬೆಟ್ಟಗಳು ಕಡಿದಾಗಿವೆ. ಕಾಡು ನೇರವಾಗಿ ಸಮುದ್ರಕ್ಕೆ ಇಳಿದಿದೆ. ಕೊಲ್ಲಿಯ ಅಂಚಿನಲ್ಲೇ ಸಾಗುವ ಒರಟು ರಸ್ತೆ ಉವಾಫಾತೊ ಮುಟ್ಟಿ ನಿಂತುಬಿಡುತ್ತದೆ.

ಮನೆಗಳಿಗೆ ಅಲ್ಲಿ ಫಾಲೆ ಎನ್ನುತ್ತಾರೆ. ಕಂಬಗಳ ಮೇಲೆ ಮಾಡು, ಸುತ್ತ ಗೋಡೆಯಿಲ್ಲ. ಮಳೆ ಬಂದರೆ ಹೆಣೆದ ತೆಂಗಿನ ಗರಿಯ ತಟ್ಟಿಗಳನ್ನು ಇಳಿಬಿಡುತ್ತಾರೆ. ಎಲ್ಲ ತೆರೆದೇ ಇರುವುದರಿಂದ ಎಲ್ಲವೂ ನೋಡುವುದಕ್ಕೆ ಇಟ್ಟದ್ದು ಎಂದುಕೊಂಡದ್ದು ನನ್ನ ತಪ್ಪು. ಮೊದಲ ಬೆಳಿಗ್ಗೆ ಒಂದು ದೊಡ್ಡ ಫಾಲೆಯಲ್ಲಿ ಏಳೆಂಟು ಹಿರಿಯರು ಒಬ್ಬೊಬ್ಬರು ಒಂದೊಂದು ಕಂಬಕ್ಕೆ ಒರಗಿ ಕೂತಿದ್ದರು. ಹಿಂದೆ ಹಸಿರು ಬೆಟ್ಟ. ನಾನು ಎದುರಿಗೇ ಹೋಗಿ, ನೆಟ್ಟಗೆ ನಿಂತು ಫೋನ್ ಎತ್ತಿದೆ. ಒಳಗಿನ ಮಾತು ನಿಂತುಹೋಯಿತು.

ಯಾರೂ ಬೈಯಲಿಲ್ಲ. ದೊಡ್ಡಮ್ಮ ಬಂದು ನನ್ನ ಮೊಣಕೈ ಹಿಡಿದರು. ಬೆನ್ನು ಬಾಗಿಸಿ, ಒಂದು ಕೈ ನೆಲದ ಕಡೆ ಇಳಿಬಿಟ್ಟು, ‘ತುಲೋ, ತುಲೋ’ ಎನ್ನುತ್ತ ಆ ಹಿರಿಯರ ಮುಂದಿನಿಂದ ನನ್ನನ್ನು ದಾಟಿಸಿದರು. ಅವರೆಲ್ಲ ಮತಾಯಿಗಳು, ಮನೆತನಗಳ ಯಜಮಾನರು. ಊರಿನ ಸಭೆ ನಡೆದಿತ್ತು. ಯಾವ ಕಂಬ ಯಾರದು ಎಂಬುದಕ್ಕೂ ಅಲ್ಲಿ ಲೆಕ್ಕವಿದೆ. ತುಲೋ ಎಂದರೆ ಕ್ಷಮಿಸಿ, ನಿಮ್ಮ ಮುಂದೆ ದಾಟುತ್ತಿದ್ದೇನೆ ಎಂದು. ಹಿರಿಯರು ಕೂತಿರುವಾಗ ಅವರ ಮುಂದೆ ತಲೆಯೆತ್ತಿ ಹಾದುಹೋಗಬಾರದು ಎಂದು ನಮ್ಮಜ್ಜಿಯೂ ಹೇಳುತ್ತಿದ್ದರು. ಪ್ರವಾಸಕ್ಕೆ ಹೊರಟಾಗ ಅದನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಫೋನನ್ನು ಚೀಲಕ್ಕೆ ಹಾಕಿದೆ.

ಆಮೇಲೆ ಆ ಊರು ನನಗೆ ಬೇರೆಯಾಗಿಯೇ ಕಂಡಿತು. ಮಧ್ಯಾಹ್ನ ಕೆಸುವಿನೆಲೆಯಲ್ಲಿ ತೆಂಗಿನ ಹಾಲು ಕಟ್ಟಿ ಬೇಯಿಸಿದ ಪಲುಸಾಮಿ, ಸುಟ್ಟ ದೀವಿಹಲಸು. ಪತ್ರೊಡೆಯ ಎಲೆಯೇ ಬೇರೊಂದು ಸಮುದ್ರ ದಾಟಿ ಬೇರೊಂದು ರುಚಿಯಾಗಿದೆ. ಊಟ ಮುಗಿಸಿ ಪಕ್ಕದ ಮನೆಗೆ ಹೋದೆವು.

ಅಲ್ಲಿ ಒಬ್ಬರು ಕಾಲು ಮಡಚಿ ಕೂತು ತಾನೋವಾ ಕೆತ್ತುತ್ತಿದ್ದರು. ಆವಾ ಕದಡುವ ಅಗಲ ಬಟ್ಟಲು ಅದು. ಆವಾ ಎಂದರೆ ನಮ್ಮ ಕಾಳುಮೆಣಸು, ವೀಳ್ಯದೆಲೆಗಳ ಕುಲಕ್ಕೇ ಸೇರಿದ ಗಿಡದ ಬೇರಿನ ಪಾನೀಯ. ಸಭೆ, ಸ್ವಾಗತ ಯಾವುದೂ ಅದಿಲ್ಲದೆ ಆಗುವುದಿಲ್ಲ. ಮರ ಇಫಿಲೆಲೆ. ಬಾಚಿಯ ಪೆಟ್ಟು ಬಿದ್ದಲ್ಲಿ ಗಣ್ಣನೆ ಸದ್ದು. ಹೊಸದಾಗಿ ಎದ್ದ ಚಕ್ಕೆ ಹಳದಿ ಬಣ್ಣದ್ದು, ನಿನ್ನೆಯದು ಆಗಲೇ ಕೆಂಪಿಗೆ ತಿರುಗಿತ್ತು. ಬಟ್ಟಲಿನ ಸುತ್ತಲಿನ ಕಾಲುಗಳನ್ನು ಬೇರೆ ಮಾಡಿ ಜೋಡಿಸುವುದಿಲ್ಲ, ಅದೇ ತುಂಡಿನಲ್ಲಿ ಬಿಡಿಸುತ್ತಾರೆ. ಒಂದು ಕಾಲು ಮುರಿದರೆ ತುಂಡೇ ಹೋಯಿತು.

ಸಮೋವಾದಲ್ಲಿ ಇಫಿಲೆಲೆ ದೊಡ್ಡ ಸಂಖ್ಯೆಯಲ್ಲಿ ಉಳಿದಿರುವ ಕೆಲವೇ ಕಾಡುಗಳಲ್ಲಿ ಉವಾಫಾತೊದ್ದೂ ಒಂದು. ಈ ಕೊಲ್ಲಿ, ಉವಾಫಾತೊ, ತಿಯಾವೆಯಾ ಕಾಡುಗಳನ್ನು ಒಟ್ಟಿಗೆ 2006ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿಸಲಾಗಿದೆ. ಆದರೆ ಕಾಡು ಉಳಿದದ್ದು ಪಟ್ಟಿಯಿಂದ ಎಂದು ನನಗೆ ಅನ್ನಿಸಲಿಲ್ಲ. ಆ ದೇಶದ ಸುಮಾರು ಶೇ. 80 ನೆಲ ಮನೆತನಗಳ ಸಾಂಪ್ರದಾಯಿಕ ಒಡೆತನದಲ್ಲಿದೆ. ಅದನ್ನು ಮಾರಲು ಸಂವಿಧಾನವೇ ಬಿಡುವುದಿಲ್ಲ. ಯಾವ ಮರ ಯಾವಾಗ ಕಡಿಯಬೇಕು ಎಂಬ ಮಾತು ಬೆಳಿಗ್ಗೆ ನಾನು ಕೆಡಿಸಿದಂಥ ಸಭೆಯಲ್ಲೇ ಆಗಬೇಕು. ಬಾಚಿ ಹಿಡಿದವರಿಗೂ ಬೇರೂರಿ ನಿಂತ ಮರಕ್ಕೂ ನಡುವೆ ದೂರವಿಲ್ಲ. ನಾನು ಸಾಗರದ ಕಡೆಯವಳು. ಗುಡಿಗಾರರ ಕೈಯಲ್ಲಿ ಗಂಧದ ಮರ ಹೂವಾಗುವುದನ್ನು ನೋಡಿ ಬೆಳೆದವಳು. ಟಿಪ್ಪುವಿನ ಕಾಲದಿಂದ ಗಂಧ ರಾಜಮರ; 2001ರ ತಿದ್ದುಪಡಿಯವರೆಗೆ ಸ್ವಂತ ಹಿತ್ತಲಲ್ಲಿ ಹುಟ್ಟಿದ್ದೂ ಸರ್ಕಾರದ್ದೇ. ಹಿತ್ತಲಲ್ಲಿ ಗಂಧದ ಸಸಿ ಎದ್ದರೆ ಯಾಕೆ ಬೇಕು ತಂಟೆ ಎಂದು ಕಿತ್ತೆಸೆದವರನ್ನು ಕಂಡಿದ್ದೇನೆ. ಅದನ್ನು ನೆನೆದು ಅಲ್ಲಿ ಹೊಟ್ಟೆ ಉರಿಯಿತು.

ಸಂಜೆ ಗಂಟೆ ಬಾರಿಸಿದಾಗ ಊರೆಲ್ಲ ಒಳಗೆ ಕೂತಿತು. ಸಾ ಎನ್ನುವ ಪ್ರಾರ್ಥನೆಯ ಹೊತ್ತು ಅದು, ಯಾರೂ ರಸ್ತೆಯಲ್ಲಿ ನಡೆಯುವಂತಿಲ್ಲ. ಈ ಸಲ ನಾನೂ ಚಾಪೆಯ ಮೇಲೆ ಕೂತಿದ್ದೆ. ಒಂದೊಂದು ಫಾಲೆಯಿಂದ ಒಂದೊಂದು ಹಾಡು ಎದ್ದು ಕೊಲ್ಲಿಯ ಮೇಲೆ ಹೋಗುತ್ತಿತ್ತು.

ಹೊರಡುವಾಗ ಪುಟ್ಟ ತಾನೋವಾ ಒಂದನ್ನು ಕೊಂಡೆ. ಆಕ್ಲೆಂಡಿನ ವಿಮಾನ ನಿಲ್ದಾಣದಲ್ಲಿ ಮರದ ವಸ್ತು ಇದೆ ಎಂದು ಮೊದಲೇ ಬರೆದುಕೊಟ್ಟೆ; ಅಲ್ಲಿಗೆ ಹೋಗುವವರು ಇದನ್ನು ಮರೆಯಬಾರದು. ಊರಿಗೆ ಬಂದ ವಾರದಲ್ಲಿ ಪರಿಚಯದ ಗುಡಿಗಾರರೊಬ್ಬರಿಗೆ ಅದನ್ನು ತೋರಿಸಿದೆ. ಅವರು ಬೋರಲು ಹಾಕಿ, ಪ್ರತಿ ಕಾಲಿನ ಬುಡಕ್ಕೂ ಉಗುರು ಆಡಿಸಿ ಸಂದು ಹುಡುಕಿದರು. ಸಿಗಲಿಲ್ಲ.

‘ಮರ ಯಾರದ್ದು ಅಕ್ಕಾ?’ ಎಂದರು.

‘ಅವರದ್ದೇ.’

ಅವರು ಬಟ್ಟಲನ್ನು ಮತ್ತೊಮ್ಮೆ ತಿರುಗಿಸಿ ಬೆಳಕಿಗೆ ಹಿಡಿದರು.