ತೋಮಾಸನೆಂಬ ಸಭಾಪಾಲಕನು

ಸ್ವೀಡನ್ ದೇಶದ ಲೂಥರನ್ ಬೋಧಕನೊಬ್ಬನ ಮಗನಾದ ಇಂಗ್ಮಾರ್ ಬರ್ಗ್‌ಮನ್ ಎಂಬವನು 1963ರಲ್ಲಿ ಒಂದು ಚಲಚ್ಚಿತ್ರವನ್ನು ಹೊರತಂದನು. ಕರ್ತನ ಭೋಜನಕ್ಕೆ ಬಂದವರು ಎಂಬುದು ಅದರ ಸ್ವೀಡಿಷ್ ಹೆಸರಿನ ಅರ್ಥ.

ಅಣುಬಾಂಬಿನ ಭಯದಿಂದ ಕಳವಳಗೊಂಡ ಬೆಸ್ತನೊಬ್ಬನು ಹಳ್ಳಿಯ ಸಭಾಪಾಲಕನಾದ ತೋಮಾಸನ ಬಳಿಗೆ ಬರುತ್ತಾನೆ. ತೋಮಾಸನೋ ಅವನನ್ನು ಸಂತೈಸದೆ ತನ್ನ ಸಂದೇಹಗಳನ್ನೇ ಅವನ ಮುಂದೆ ತೋಡಿಕೊಳ್ಳುತ್ತಾನೆ. ಬೆಸ್ತನು ಹೋಗಿ ಪ್ರಾಣ ಕಳೆದುಕೊಳ್ಳುತ್ತಾನೆ. ಸಂದೇಹವು ಅಪೊಸ್ತಲನಾದ ತೋಮನಿಗೂ ಇತ್ತು, ಅದಕ್ಕಾಗಿ ನಾನು ಇವನನ್ನು ದೂಷಿಸೆನು. ಆದರೆ ಕುರಿಯು ಬೆದರಿ ಓಡಿಬಂದಾಗ ಕುರುಬನು ತನ್ನ ಗಾಯವನ್ನು ತೋರಿಸುತ್ತಾ ಕೂತಿರಬಹುದೋ? ಉಪದೇಶಿಗಳಾದ ನಾವೂ ಹಾಗೆ ಮಾಡಿದ್ದುಂಟು.

ಕಡೆಗೆ ಮಾತಾಡುವವನು ದೇವಾಲಯದ ಗೂನುಬೆನ್ನಿನ ಸೇವಕನು. ಕ್ರಿಸ್ತನಿಗೆ ಶರೀರದ ಬಾಧೆಗಿಂತಲೂ ಶಿಷ್ಯರು ಬಿಟ್ಟೋಡಿದ್ದು, ತಂದೆಯು ಕೈಬಿಟ್ಟನೆಂದು ತೋರಿದ್ದು ಹೆಚ್ಚು ಕಠಿಣವಾಗಿರಲಿಲ್ಲವೇ ಎನ್ನುತ್ತಾನೆ. ತೋಮಾಸನು ಸುಮ್ಮನೆ ಕೇಳುತ್ತಾನೆ. ಪೀಠಗಳಲ್ಲಿ ಒಬ್ಬ ಸ್ತ್ರೀ ಮಾತ್ರ ಇದ್ದಾಳೆ, ಆಕೆಯೂ ನಂಬದವಳು. ಆದರೂ ಗಂಟೆ ನಿಂತ ಬಳಿಕ ಅವನು ಎದ್ದು ಆರಾಧನೆಯನ್ನು ಆರಂಭಿಸುತ್ತಾನೆ.